ತೊಟ್ಟಿಲಿಗೆ ಕಟ್ಟಿದ ಕಡಗೋಲು

ಸಂಶಿಯ ಮಡಿವಾಳೆಪ್ಪನ ಮನೆಯಲ್ಲಿ ಅಂಗಡಿಯಿಂದ ತಂದ ಸಾಮಾನಿಗಿಂತ ಅವನು ಕೈಯಾರೆ ಮಾಡಿದ ಸಾಮಾನೇ ಹೆಚ್ಚು. ಲಾರಿಯ ಹಳೆ ಟೈರು ಕೊಯ್ದು ಚಪ್ಪಲಿ ಮಾಡಿಕೊಂಡಿದ್ದ; ಚಪ್ಪಲಿ ಸವೆಯುತ್ತಿರಲಿಲ್ಲ, ಕಾಲು ಸವೆಯುತ್ತಿತ್ತು. ಮುಂಬಾಗಿಲಿನ ಚಿಲಕಕ್ಕೆ ಹಗ್ಗ ಕಟ್ಟಿ, ಅದನ್ನು ಜಂತಿಯ ಮೇಲಿಂದ ಹಾಯಿಸಿ ತನ್ನ ಹಾಸಿಗೆಯ ತನಕ ತಂದಿದ್ದ. ಮಲಗಿದಲ್ಲಿಂದಲೇ ಬಾಗಿಲು ತೆಗೆಯಬಹುದಿತ್ತು. ಮಲಗಿದಲ್ಲಿಂದ ಹಾಕಲು ಮಾತ್ರ ಬರುತ್ತಿರಲಿಲ್ಲ. ಅದಕ್ಕೆ ಹೆಂಡತಿ ಗೌರಕ್ಕ ಏಳಬೇಕಾಗುತ್ತಿತ್ತು.

ಎಪ್ಪತ್ನಾಲ್ಕರ ಮಳೆಗಾಲದಲ್ಲಿ ಅವರ ಮಗಳು ರೇಣುಕವ್ವ ಅಣ್ಣಿಗೇರಿಯ ಗಂಡನ ಮನೆಯಿಂದ ಬಾಣಂತನಕ್ಕೆ ಬಂದಳು. ಹೆಣ್ಣುಕೂಸು ಹುಟ್ಟಿತು. ಮಡಿವಾಳೆಪ್ಪ ಕಲಘಟಗಿಗೆ ಹೋಗಿ ಬಣ್ಣದ ತೊಟ್ಟಿಲು ತಂದ. ತೊಟ್ಟಿಲನ್ನೂ ತಾನೇ ಮಾಡುತ್ತೇನೆಂದು ಅವನು ಹೊರಟಿದ್ದ. ಅದೊಂದಕ್ಕೆ ಮಾತ್ರ ಗೌರಕ್ಕ ಒಪ್ಪಿರಲಿಲ್ಲ. ಅದೇ ಹೊತ್ತಿಗೆ ಮನೆಯ ಎಮ್ಮೆಯೂ ಈಯಿತು. ಗೌರಕ್ಕನಿಗೆ ಒಂದು ಕಡೆ ತೊಟ್ಟಿಲು, ಇನ್ನೊಂದು ಕಡೆ ಮಜ್ಜಿಗೆಯ ಗಡಿಗೆ. ತೂಗುತ್ತ ಕೂತರೆ ಬೆಣ್ಣೆ ಬರುತ್ತಿರಲಿಲ್ಲ, ಕಡೆಯುತ್ತ ಕೂತರೆ ಕೂಸು ಅಳುತ್ತಿತ್ತು.

ಮಡಿವಾಳೆಪ್ಪ ಕಟ್ಟೆಯ ಮೇಲೆ ಕೂತು ಎರಡನ್ನೂ ನೋಡಿದ. ಅದೂ ಹಗ್ಗ ಜಗ್ಗುವ ಕೆಲಸ, ಇದೂ ಹಗ್ಗ ಜಗ್ಗುವ ಕೆಲಸ. ಒಂದೇ ಮನೆಯಲ್ಲಿ ಎರಡು ಸಲ ಯಾಕೆ ಜಗ್ಗಬೇಕು ಎಂಬುದು ಅವನಿಗೆ ತಿಳಿಯಲಿಲ್ಲ.

ಕಡಗೋಲಿಗೆ ಸುತ್ತಿದ ಹಗ್ಗದ ಒಂದು ತುದಿಯನ್ನು ಗೌರಕ್ಕನ ಕೈಗೆ ಬಿಟ್ಟು, ಇನ್ನೊಂದನ್ನು ತೊಟ್ಟಿಲಿಗೆ ಕಟ್ಟಿದ. ಈಕೆ ಜಗ್ಗಿದರೆ ಕಡಗೋಲು ಒಂದು ಕಡೆ ತಿರುಗಿ ತೊಟ್ಟಿಲು ಇತ್ತ ಬರಬೇಕು. ಬಿಟ್ಟರೆ ತೊಟ್ಟಿಲು ತನ್ನ ಭಾರಕ್ಕೆ ಅತ್ತ ಹೋಗುತ್ತ ಕಡಗೋಲನ್ನು ಹಿಂದಕ್ಕೆ ತಿರುಗಿಸಬೇಕು. ಮೊದಲ ಪರೀಕ್ಷೆಗೆ ಕೂಸನ್ನು ಮಗಳ ಮಡಿಲಲ್ಲಿ ಬಿಟ್ಟು ಬರಿಯ ತೊಟ್ಟಿಲಿನಲ್ಲಿ ನೋಡಿದ್ದು ಒಳ್ಳೆಯದೇ ಆಯಿತು. ಮಡಿವಾಳೆಪ್ಪ ಬಾವಿಯಿಂದ ನೀರು ಸೇದುವವನ ಹಾಗೆ ಜಗ್ಗಿದ. ತೊಟ್ಟಿಲು ಬಂದು ಅವನ ಹಣೆಗೆ ಬಡಿಯಿತು, ಗಡಿಗೆ ಉರುಳಿತು, ಮಜ್ಜಿಗೆ ಹೊಸ್ತಿಲು ದಾಟಿ ಓಣಿಗೆ ಹೋಯಿತು.

ಗೌರಕ್ಕ ನೆಲ ಒರೆಸುತ್ತ ಸಮಾಧಾನದಿಂದಲೇ ಹೇಳಿದಳು: “ಇದು ನಿಮ್ಮ ಹಣಿಗೆ ಬಡದೈತಿ, ಅದಕ್ಕ ಸುಮ್ನದೀನಿ. ಕೂಸಿಗೇನರ ಬಡದಿದ್ರ ನಿಮ್ಮನ್ನ ಗಡಗ್ಯಾಗ ಹಾಕಿ ಕಡೀತಿದ್ನಿ.”

ತಪ್ಪು ಹಗ್ಗದ್ದು, ಯುಕ್ತಿಯದ್ದಲ್ಲ ಎಂದು ಮಡಿವಾಳೆಪ್ಪ ವಾದಿಸಿದ. ಬಾವಿಯ ರಾಟೆಯ ಗಡಗಡಿ ಬಿಚ್ಚಿ ತಂದು ಕಂಬಕ್ಕೆ ಬಿಗಿದು ಹಗ್ಗವನ್ನು ಅದರ ಮೇಲೆ ಹಾಯಿಸಿದ. ಗಡಿಗೆಯ ಕೆಳಗೆ ಹುಲ್ಲಿನ ಸಿಂಬೆ ಇಟ್ಟ, ಕೂಸಿನ ಭಾರಕ್ಕೆಂದು ತೊಟ್ಟಿಲಲ್ಲಿ ಜೋಳದ ಗಂಟು ಇಟ್ಟ. ಈ ಸಲ ತೊಟ್ಟಿಲು ಹಂಸದ ಹಾಗೆ ತೂಗಿತು, ಕಡಗೋಲು ಸರ್ರ್-ಗುಳುಕ್, ಸರ್ರ್-ಗುಳುಕ್ ಎಂದು ತಿರುಗಿತು. ಗೌರಕ್ಕ ಮತ್ತೆ ಮತ್ತೆ ಕೈಯಿಟ್ಟು ನೋಡಿ, ಕೊನೆಗೆ ಕೂಸನ್ನು ಮಲಗಿಸಿದಳು. ಅದು ಒಮ್ಮೆ ಕಣ್ಣರಳಿಸಿ ಜಂತಿ ನೋಡಿತು, ಆಮೇಲೆ ನಿದ್ದೆ ಹೋಯಿತು. ಬೆಣ್ಣೆಯೂ ಬಂತು. ಒಂದು ಕೈ ಬಿಡುವಾದದ್ದರಿಂದ ಗೌರಕ್ಕ ಕೂತಲ್ಲೇ ಬೇಳೆಯನ್ನೂ ಹಸನು ಮಾಡಿದಳು. ಬಾಯಿಬಿಟ್ಟು ಹೊಗಳಲಿಲ್ಲ, ಆದರೆ ಆ ದಿನ ಗಂಡನ ರೊಟ್ಟಿಯ ಮೇಲೆ ಬೆಣ್ಣೆಯ ಮುದ್ದೆ ದೊಡ್ಡದಿತ್ತು.

ಬಾಣಂತನ ಮುಗಿಯಿತು. ತೊಟ್ಟಿಲು, ಕೌದಿ, ಕುಂಚಿಗೆ, ಖಾರದ ಪುಡಿ ಎಲ್ಲ ಕಟ್ಟಿಕೊಂಡು ರೇಣುಕವ್ವ ಕೂಸಿನ ಜತೆ ಅಣ್ಣಿಗೇರಿಗೆ ಹೋದಳು. ಕಡಗೋಲು ಸಂಶಿಯಲ್ಲೇ ಉಳಿಯಿತು.

ಅಣ್ಣಿಗೇರಿಯಲ್ಲಿ ಅವಳ ಅತ್ತೆ ಅನ್ನವ್ವ ಓಣಿಗೆಲ್ಲ ಮಾತು ನಡೆಯುವ ಹೆಂಗಸು. ಮಗ ಶಂಭುಲಿಂಗಪ್ಪ ಕಾಳಿನ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮನೆಗೆ ಪಡಸಾಲೆ ಇತ್ತು, ಹಿತ್ತಿಲಿತ್ತು, ಹಿತ್ತಿಲಲ್ಲಿ ಹೆಸರಿಗೊಂದು ದನದ ಕೊಟ್ಟಿಗೆಯೂ ಇತ್ತು. ಅದರಲ್ಲಿ ಒಲೆಗೆ ಹಾಕುವ ಕುಳ್ಳು ಮತ್ತು ಕಟ್ಟಿಗೆ ಮಾತ್ರ ಇದ್ದವು. ಎಮ್ಮೆ ಯಾವಾಗಲೋ ಸತ್ತಿತ್ತು. ಹಾಲು ಕೊಂಡು ತರುತ್ತಿದ್ದರು.

ಅಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿದರು, ತೂಗಿದರು. ಕೂಸು ಅತ್ತಿತು. ಅನ್ನವ್ವ ತನಗೆ ಬರುವ ಜೋಗುಳವನ್ನೆಲ್ಲ ಹಾಡಿದಳು. ಕೂಸು ಅದಕ್ಕಿಂತ ಮೇಲಿನ ದನಿ ತೆಗೆಯಿತು. ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದಾಯಿತು, ಮಠದ ಅಜ್ಜನ ಹತ್ತಿರ ವಿಭೂತಿ ಮಂತ್ರಿಸಿಕೊಂಡು ಬಂದದ್ದಾಯಿತು. ಶಂಭುಲಿಂಗಪ್ಪ ಅಂಗಡಿಯಲ್ಲಿ ಜೋಳ ತೂಗುತ್ತ ನಿಂತಲ್ಲೇ ನಿದ್ದೆಹೋಗಿ, ಒಂದೇ ಚೀಲವನ್ನು ಇಬ್ಬರಿಗೆ ತೂಗಿಕೊಟ್ಟ.

ಕೊನೆಗೆ ರೇಣುಕವ್ವ ಸಣ್ಣ ದನಿಯಲ್ಲಿ ಹೇಳಿದಳು: “ಅತ್ತೀ, ಅದಕ್ಕ ಮಜ್ಜಿಗಿ ಕಡಿಯೂ ಸಪ್ಪಳ ರೂಢಿ ಆಗೇತ್ರಿ.”

ಅನ್ನವ್ವನಿಗೆ ಇದು ತನ್ನ ಮನೆಯಲ್ಲಿ ಎಮ್ಮೆ ಇಲ್ಲ ಎಂದು ಆಡಿ ತೋರಿಸಿದ ಮಾತಿನಂತೆ ಕೇಳಿಸಿತು. ಮಜ್ಜಿಗೆ ಕುಡಿಯುವ ಕೂಸುಗಳನ್ನು ಕಂಡಿದ್ದೇನೆ, ಮಜ್ಜಿಗೆ ಕೇಳುವ ಕೂಸನ್ನು ಈ ಜನ್ಮದಲ್ಲಿ ಕಂಡಿಲ್ಲ ಎಂದು ಸಿಟ್ಟಾದಳು. ಆದರೆ ನಿದ್ದೆ ಇಲ್ಲದ ಸಿಟ್ಟು ಬಹಳ ದಿನ ಬಾಳುವುದಿಲ್ಲ. ಸಂಶಿಯ ಸಂತೆಗೆ ಹೊರಟಿದ್ದ ಮೆಣಸಿನಕಾಯಿ ವ್ಯಾಪಾರಿಯ ಕೈಯಲ್ಲಿ ಹೇಳಿಕಳಿಸಿದಳು: ಬೀಗರು ಹಚ್ಚಿದ ಚಟವನ್ನು ಬೀಗರೇ ಬಂದು ಬಿಡಿಸಬೇಕು.

ಮಡಿವಾಳೆಪ್ಪ ಸುದ್ದಿ ಕೇಳಿ ಮುಖ ಬಾಡಿಸಿಕೊಂಡ; ಒಳಗೆ ಮಾತ್ರ ಹಿರಿಹಿರಿ ಹಿಗ್ಗಿದ. ಇಷ್ಟು ವರ್ಷದಲ್ಲಿ ಅವನು ಮಾಡಿದ ಒಂದು ಸಾಮಾನನ್ನು ಬೇರೆ ಊರವರು ಕೇಳಿದ್ದು ಇದೇ ಮೊದಲು. ಕಡಗೋಲು, ಗಡಿಗೆ, ಹಗ್ಗ, ಗಡಗಡಿ ಎಲ್ಲವನ್ನೂ ಕೌದಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರ್ ಆ ಗಂಟನ್ನು ನೋಡಿ ಇದೇನು ಕಾಕಾ ಎಂದ.

“ಮೊಮ್ಮಗಳ ಔಷಧ,” ಎಂದ ಮಡಿವಾಳೆಪ್ಪ.

“ಇಷ್ಟ ದೊಡ್ಡದು? ಕುಡಿಯೂದೋ, ಹಚ್ಚೂದೋ?”

“ಕೇಳೂದು.”

ಕಂಡಕ್ಟರ್ ಸೀಟಿ ಊದಿದ.

ಅಣ್ಣಿಗೇರಿಯ ಪಡಸಾಲೆಯ ಕಂಬಕ್ಕೆ ಎಲ್ಲ ಕಟ್ಟಿದ್ದಾಯಿತು. ಆದರೆ ಕಡೆಯಲು ಮೊಸರೆಲ್ಲಿ? ಗಡಿಗೆಗೆ ನೀರು ತುಂಬಿ ಜಗ್ಗಿದರು. ಬರಿ ನೀರಿನ ಸಪ್ಪಳ ತೆಳ್ಳಗಿತ್ತು. ಕೂಸು ಒಂದು ಗಳಿಗೆ ಕೇಳಿ, ಮೋಸವೆಂದು ತಿಳಿದು ಮತ್ತೆ ಅತ್ತಿತು. ಮಡಿವಾಳೆಪ್ಪ ಗಡಿಗೆಗೆ ಕಿವಿಯಿಟ್ಟು ಯೋಚಿಸಿದ. ಜೋಳದ ಹಿಟ್ಟು ತರಲು ಹೇಳಿ, ಹಿಡಿ ಹಿಡಿಯಾಗಿ ಹಾಕಿ ಕದಡುತ್ತ, ಸಪ್ಪಳ ಸಂಶಿಯ ಮಜ್ಜಿಗೆಯಷ್ಟು ದಪ್ಪವಾಗುವ ತನಕ ಬಿಡಲಿಲ್ಲ. ಸರ್ರ್-ಗುಳುಕ್. ಕೂಸಿನ ಕಣ್ಣು ಮುಚ್ಚಿತು. ಹಗ್ಗ ಹಿಡಿದು ಕೂತಿದ್ದ ಅನ್ನವ್ವನ ಕಣ್ಣೂ ಮುಚ್ಚಿತು. ಕಂಬಕ್ಕೊರಗಿ ಗೊರಕೆ ಹೊಡೆಯುತ್ತಲೇ ಆಕೆ ಹಗ್ಗ ಜಗ್ಗುತ್ತಿದ್ದುದನ್ನು ನೋಡಿ ಮಡಿವಾಳೆಪ್ಪ ತೃಪ್ತಿಯಿಂದ ಊರಿಗೆ ಮರಳಿದ.

ತೊಂದರೆ ಮರುದಿನ ಶುರುವಾಯಿತು. ಆ ಸಪ್ಪಳ ಕೂಸಿಗಷ್ಟೇ ಅಲ್ಲ, ಓಣಿಗೂ ಕೇಳಿಸುತ್ತಿತ್ತು. ಮಜ್ಜಿಗೆ ಕಡೆದ ಮನೆಯವರು ಕೇಳಿದವರಿಗೆ ಒಂದು ಚರಿಗೆ ಮಜ್ಜಿಗೆ ಹಾಕುವುದು ಅಲ್ಲಿನ ರೀತಿ. ಅದನ್ನು ಯಾರೂ ಮಾರುತ್ತಿರಲಿಲ್ಲ, ಯಾರೂ ಇಲ್ಲವೆನ್ನುತ್ತಿರಲಿಲ್ಲ. ಎದುರು ಮನೆಯ ಗುರವ್ವ ಚರಿಗೆ ಹಿಡಿದು ಬಂದು, ಹೈನದ ಎಮ್ಮೆ ಕಟ್ಟಿದ್ದಕ್ಕೆ ಸಂತೋಷ ಎಂದು ಬಾಗಿಲಲ್ಲಿ ನಿಂತಳು.

ಹಿಟ್ಟಿನ ನೀರು ಕಡೆಯುತ್ತಿದ್ದೇವೆ ಎಂದು ಹೇಳಿದರೆ ಮುಗಿಯುತ್ತಿತ್ತು. ಅನ್ನವ್ವನ ಬಾಯಿಂದ ಅದು ಬರಲಿಲ್ಲ. ಇನ್ನೂ ಬೆಣ್ಣೆ ಬಂದಿಲ್ಲ, ನಾಳೆ ಬಾ ಎಂದಳು. ಮರುದಿನ ಬೀಗರು ಬಂದಿದ್ದರು, ಖರ್ಚಾಯಿತು ಎಂದಳು. ಅದರ ಮರುದಿನ ಬೆಕ್ಕು ಬಾಯಿ ಹಾಕಿತು. ಅಷ್ಟು ಹೊತ್ತೂ ಒಳಗೆ ಸರ್ರ್-ಗುಳುಕ್ ನಡೆದೇ ಇತ್ತು. ಕೂಸು ದಿನಕ್ಕೆ ಎಷ್ಟು ಸಲ ಮಲಗುತ್ತದೋ ಅಷ್ಟು ಸಲ ಅನ್ನವ್ವನ ಮನೆಯಲ್ಲಿ ಮಜ್ಜಿಗೆ. ಮುಂಜಾನೆಯಿಂದ ಸಂಜೆಯ ತನಕ ಕಡೆಯುತ್ತಾಳೆ, ಒಂದು ಹುಟ್ಟು ಮಜ್ಜಿಗೆ ಕೊಡುವುದಿಲ್ಲ ಎಂದು ನೀರಿನ ಕಟ್ಟೆಯಲ್ಲಿ ಮಾತಾಯಿತು. ಗುರವ್ವ ಮಜ್ಜಿಗೆಯ ಆಸೆ ಬಿಟ್ಟಳು. ನೆಲ ಸಾರಿಸಲು ಒಂದು ಬುಟ್ಟಿ ಸೆಗಣಿಯನ್ನಾದರೂ ಕೊಡಿ ಎಂದು ಬಂದಳು. ಅನ್ನವ್ವ ಅದನ್ನೂ ಇಲ್ಲವೆಂದಳು. ಸೆಗಣಿಯನ್ನೂ ಒಳಗಿಟ್ಟುಕೊಳ್ಳುವ ಜಿಪುಣರನ್ನು ಅಣ್ಣಿಗೇರಿ ಅಲ್ಲಿಯ ತನಕ ಕಂಡಿರಲಿಲ್ಲ.

ಅಂಗಡಿಯಲ್ಲಿ ಶಂಭುಲಿಂಗಪ್ಪನನ್ನು ಎಮ್ಮೆ ಯಾವ ಕಡೆಯದು, ಸ್ವಭಾವ ಹೇಗೆ ಎಂದು ಕೇಳಿದರು. ಸುಳ್ಳು ಹೇಳಿ ರೂಢಿಯಿಲ್ಲದ ಆತ, ಬಹಳ ಶಾಂತ, ಹಗಲೂ ರಾತ್ರಿ ಒಂದು ದನಿ ತೆಗೆಯುವುದಿಲ್ಲ ಎಂದ. ಅದು ನಿಜವೇ ಆಗಿತ್ತು.

ಹಿತ್ತಿಲಿಗೆ ಹಿತ್ತಿಲು ಕೂಡಿದ ಮನೆ ಶಮೀಮಾಬಿಯದು. ಅವಳ ಮನೆಯಲ್ಲಿ ನಿಜವಾದ ಎಮ್ಮೆಯಿತ್ತು. ಮುಂಜಾನೆ ಒಂದು ಹೊತ್ತು ಕಡೆದರೆ ಅವಳ ಮೊಸರು ಮುಗಿಯುತ್ತಿತ್ತು, ಭುಜ ಮಾತ್ರ ಸಂಜೆಯವರೆಗೆ ನೋಯುತ್ತಿತ್ತು. ಇಡೀ ದಿನ ಕಡೆದರೂ ಮುಗಿಯದಷ್ಟು ಹಾಲು ಕೊಡುವ ಎಮ್ಮೆಗೆ ಅನ್ನವ್ವ ಏನು ತಿನ್ನಿಸುತ್ತಾಳೆ ಎಂದು ತಿಳಿಯದೆ ಅವಳಿಗೆ ಸಮಾಧಾನವಿರಲಿಲ್ಲ. ಒಂದು ಮಧ್ಯಾಹ್ನ ಹಿತ್ತಿಲ ಬಾಗಿಲಿಂದಲೇ ಬಂದಳು. ಬರುವಾಗ ಕೊಟ್ಟಿಗೆ ನೋಡಿದಳು, ಕುಳ್ಳು, ಕಟ್ಟಿಗೆ. ಪಡಸಾಲೆಗೆ ಬಂದಳು, ಅನ್ನವ್ವ ಕಣ್ಣುಮುಚ್ಚಿ ಹಗ್ಗ ಜಗ್ಗುತ್ತಿದ್ದಳು. ಶಮೀಮಾಬಿ ಬಗ್ಗಿ ಗಡಿಗೆಯಲ್ಲಿ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡಳು.

“ಅನ್ನವ್ವಕ್ಕಾ, ಇದು ಜ್ವಾಳದ ಹಿಟ್ಟು.”

ಅನ್ನವ್ವ ಕಣ್ಣು ತೆರೆದಳು. ಹಗ್ಗ ಬಿಟ್ಟರೆ ಕೂಸು ಏಳುತ್ತದೆ, ಬಿಡದಿದ್ದರೆ ಎದ್ದು ಒಳಗೆ ಹೋಗಿ ಮುಖ ಮರೆಸಿಕೊಳ್ಳಲು ಬರುವುದಿಲ್ಲ. ಜಗ್ಗುತ್ತಲೇ ಕಣ್ಣಲ್ಲಿ ನೀರು ತಂದುಕೊಂಡು, ಸಂಶಿಯ ಬೀಗರಿಂದ ಹಿಡಿದು ಸೆಗಣಿಯ ತನಕ ಎಲ್ಲವನ್ನೂ ಹೇಳಿದಳು. ಶಮೀಮಾಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಳು, ಭುಜ ಅಲುಗುತ್ತಿತ್ತು. ಒಳಗಿನಿಂದ ರೇಣುಕವ್ವ ನಕ್ಕದ್ದು ಕೇಳಿಸಿದ ಮೇಲೆ ಅವಳಿಗೂ ತಡೆಯಲಾಗಲಿಲ್ಲ. ಇಬ್ಬರೂ ನಗುವುದನ್ನು ಕಂಡು ಅನ್ನವ್ವನೂ ಸೋತು ನಕ್ಕಳು. ಮೂವರೂ ಕೂಸು ಏಳದ ಹಾಗೆ ದನಿಯಿಲ್ಲದೆ ನಕ್ಕರು.

ಕಣ್ಣೊರೆಸಿಕೊಂಡು ಶಮೀಮಾಬಿ ಹೇಳಿದಳು: “ಹೆಂಗೂ ಜಗ್ಗತೀರಿ. ಹಿಟ್ಟು ಯಾಕ ಕೆಡಸ್ತೀರಿ? ನಾಳೆಯಿಂದ ನನ್ನ ಗಡಗಿ ಇಡ್ರಿ. ಬೆಣ್ಣಿ ನನಗ, ಒಂದ್ ಚರಗಿ ಮಜ್ಜಿಗಿ ನಿಮಗ, ನಿದ್ದಿ ಕೂಸಿಗ.”

ಹೀಗೆ ಶಮೀಮಾಬಿಯ ಗಡಿಗೆ ಬಂತು. ಅವಳ ಭುಜದ ನೋವು ಹೋದ ಸುದ್ದಿ ಹಿಂದಿನ ಓಣಿಗೆ ಮುಟ್ಟಿ ಅಲ್ಲಿಂದ ಇನ್ನೊಂದು ಗಡಿಗೆ ಬಂತು, ಆಮೇಲೆ ಮತ್ತೊಂದು. ಗಡಿಗೆ ಅವರವರದು, ಕಡಗೋಲು ಅನ್ನವ್ವನದು. ಪ್ರತಿಯೊಬ್ಬರೂ ಒಂದು ಚರಿಗೆ ಮಜ್ಜಿಗೆ ಬಿಟ್ಟು ಹೋಗುತ್ತಿದ್ದರು. ಈಗ ಗುರವ್ವ ಬಂದರೆ ಅನ್ನವ್ವ ಚರಿಗೆಯ ಕಂಠದ ತನಕ ಮಜ್ಜಿಗೆ ಹಾಕಿ, ಇನ್ನೊಂದು ಪಾತ್ರೆ ತರಲಿಲ್ಲವೇಕೆ ಎಂದು ಬೈಯುತ್ತಿದ್ದಳು. ನೀರಿನ ಕಟ್ಟೆಯಲ್ಲಿ ಅವಳ ಹೆಸರು ಮತ್ತೆ ನೆಟ್ಟಗಾಯಿತು.

ಹೊಸ ತಕರಾರು ಕೂಸಿನ ಕಡೆಯಿಂದ ಬಂತು. ಅದಕ್ಕೀಗ ನಿದ್ದೆಗಿಂತ ಆಟ ಬೇಕಾಗಿತ್ತು. ಕೂಸು ತೊಟ್ಟಿಲಲ್ಲಿ ಮಲಗಿದ್ದರೆ ಮಾತ್ರ ಗಡಿಗೆಯ ಕೆಲಸ ನಡೆಯುತ್ತಿತ್ತು. ಗಡಿಗೆ ಹೊತ್ತು ಬಂದ ಹೆಂಗಸರು ಅದು ಕೈಕಾಲು ಬಡಿಯುತ್ತ ಕೇಕೆ ಹಾಕುವುದನ್ನು ಕಂಡು ನಿರಾಶರಾಗಿ, ಪಾಪ, ಕೂಸಿಗೆ ಕಣ್ಣು ಎಳೆಯುತ್ತಿವೆ ನೋಡಿ ಎನ್ನುತ್ತಿದ್ದರು. ಒಬ್ಬಳು ಅದನ್ನು ಎತ್ತಿ ತಟ್ಟಿ ಮಲಗಿಸಲು ಅರ್ಧ ದಿನ ಹೆಣಗಿ, ತಾನೇ ಪಡಸಾಲೆಯಲ್ಲಿ ಮಲಗಿಬಿಟ್ಟಳು. ವರ್ಷ ತುಂಬುವ ಹೊತ್ತಿಗೆ ಕೂಸು ತೊಟ್ಟಿಲಿಗೆ ಹಾಕಿದರೆ ಅಂಚು ಹಿಡಿದು ಎದ್ದು ನಿಲ್ಲತೊಡಗಿತು. ಅನ್ನವ್ವ ಅದನ್ನು ಕೆಳಗಿಳಿಸಿದಳು. ಆದರೆ ಖಾಲಿ ತೊಟ್ಟಿಲಿಗೆ ಭಾರ ಸಾಲದೆ ಹಗ್ಗ ಹಿಂದಕ್ಕೆ ಹೋಗುತ್ತಿರಲಿಲ್ಲ. ಬಾಗಿಲಲ್ಲಿ ಗಡಿಗೆಗಳು ಸಾಲು ಹಿಡಿದವು.

ಅಪ್ಪನಿಗೆ ಹೇಳಿಕಳಿಸೋಣ ಎಂದಳು ರೇಣುಕವ್ವ. ಅನ್ನವ್ವ ಬೇಡವೆಂದಳು. ಇಷ್ಟು ದಿನ ಜಗ್ಗಿ ತನಗೂ ಅದರ ಮರ್ಮ ತಿಳಿದಿದೆ ಎಂದು ಅಡುಗೆಮನೆಗೆ ಹೋಗಿ, ಒರಳಿನ ಗುಂಡುಕಲ್ಲನ್ನು ಎತ್ತಿ ತಂದು ತೊಟ್ಟಿಲಲ್ಲಿ ಮಲಗಿಸಿದಳು. ಕಲ್ಲು ಉರುಳಬಾರದೆಂದು ಕೌದಿ ಸುತ್ತಿದಳು. ಹೊರಗಿನವರು ನೋಡಿ ಆಡಿಕೊಳ್ಳಬಾರದೆಂದು ಅದರ ತಲೆಗೆ ಕುಂಚಿಗೆ ಕಟ್ಟಿದಳು. ಸರ್ರ್-ಗುಳುಕ್ ಮೊದಲಿಗಿಂತ ಚೆನ್ನಾಗಿ ನಡೆಯಿತು. ಕಲ್ಲು ಅಳುತ್ತಿರಲಿಲ್ಲ, ಏಳುತ್ತಿರಲಿಲ್ಲ.

ಕುಂದಗೋಳದ ಕಡೆಯ ಹಿರಿಯ ಸಂಬಂಧಿ ರೇವವ್ವ ಕೂಸನ್ನು ನೋಡಿರಲಿಲ್ಲವೆಂದು ಉತ್ತತ್ತಿ, ಕೊಬ್ಬರಿ ಕಟ್ಟಿಕೊಂಡು ಬಂದಾಗ ಶಮೀಮಾಬಿಯ ಗಡಿಗೆಯಲ್ಲಿ ಬೆಣ್ಣೆ ಇನ್ನೇನು ತೇಲುವುದರಲ್ಲಿತ್ತು. ಆ ಹೊತ್ತಿನಲ್ಲಿ ಕೈ ಬಿಡುವ ಹಾಗಿಲ್ಲ. ರೇವವ್ವನಿಗೆ ಕಣ್ಣು ಮಂದ. ಅವಳು ತೊಟ್ಟಿಲ ಬಳಿ ಬಗ್ಗಿ, ಕುಂಚಿಗೆಯ ಮೇಲೆ ಕೈಯಾಡಿಸಿ, ಕೂಸು ಗಟ್ಟಿಮುಟ್ಟಾಗಿದೆ ಎಂದು ಮೆಚ್ಚಿದಳು.

“ಈಗಷ್ಟ ಮಲಗೇತ್ರಿ. ಎಬ್ಬಸಬ್ಯಾಡ್ರಿ,” ಎಂದಳು ಅನ್ನವ್ವ, ಹಗ್ಗ ಬಿಡದೆ.

ರೇವವ್ವ ಎಬ್ಬಿಸಲಿಲ್ಲ. ಉತ್ತತ್ತಿಯನ್ನು ಕೌದಿಯ ಮಗ್ಗುಲಿಗಿಟ್ಟು, ನೆಟಿಗೆ ಮುರಿದು ದೃಷ್ಟಿ ತೆಗೆದಳು. ಹಿತ್ತಿಲಲ್ಲಿ ಶಮೀಮಾಬಿಯ ಕೋಳಿಯೊಂದು ಚೀರಿಕೊಂಡಿತು. ಅದರ ಬಾಲ ಹಿಡಿದು ರೇಣುಕವ್ವನ ಮಗಳು ಮೊದಲ ಸಲ ನಾಲ್ಕು ಹೆಜ್ಜೆ ನಡೆದಿದ್ದಳು.