ತಲೆಯ ಪರೀಕ್ಷೆ

ಮಗ ಪರೀಕ್ಷೆಯಲ್ಲಿ ಫೇಲಾಗಲಿ ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದ ತಾಯಿಯನ್ನು ಮೈಸೂರಿನ ಕಡೆಯವರು ಯಾರಾದರೂ ಕಂಡಿದ್ದೀರಾ? ಚಂದ್ರಿಕಾ ಹಚ್ಚಿದಳು. ಆಕ್ಲೆಂಡಿನ ಒನೆಹುಂಗಾ ಬಡಾವಣೆಯ ಮನೆಯ ಅಡುಗೆಮನೆಯಲ್ಲಿ, ಮೈಕ್ರೋವೇವ್ ಪಕ್ಕದ ಕಪಾಟಿನಲ್ಲಿದ್ದ ದೇವರ ಮುಂದೆ, ಯಾರಿಗೂ ಹೇಳದೆ ಹಚ್ಚಿದಳು. ಅತ್ತ ಊಟದ ಮೇಜಿನ ಹತ್ತಿರ ಗಂಡ ಬದರಿನಾಥ್ ಇಪ್ಪತ್ತೇಳು ವರ್ಷದ ಮಗನನ್ನು ಎದುರಿಗೆ ಕೂರಿಸಿಕೊಂಡು ಪಾಠ ಒಪ್ಪಿಸಿಕೊಳ್ಳುತ್ತಿದ್ದ.

"ಡಿಸೆಂಬರ್‌ನಿಂದ ಹಿಂದಕ್ಕೆ ಹೇಳು."

"ಡಿಸೆಂಬರ್, ನವೆಂಬರ್, ಅಕ್ಟೋಬರ್..." ಶ್ರೀಕರ್ ಎಲ್ಲೂ ತಡವರಿಸದೆ ಜನವರಿಗೆ ಬಂದು ನಿಂತ.

"ಒಂಬತ್ತು, ಎರಡು, ಏಳು, ನಾಲ್ಕು. ಉಲ್ಟಾ ಹೇಳು."

"ನಾಲ್ಕು, ಏಳು, ಎರಡು, ಒಂಬತ್ತು."

"ಶಭಾಷ್. ಈಗ ಕಣ್ಣು ಮುಚ್ಕೊಂಡು ಒಂಟಿ ಕಾಲಲ್ಲಿ ನಿಂತ್ಕೊ."

ಇದು ಯಾವ ಸೀಮೆ ಪರೀಕ್ಷೆ ಅನ್ನುತ್ತೀರಿ? ಐಸ್ ಹಾಕಿ, ಅಂದರೆ ಮಂಜುಗಡ್ಡೆಯ ಮೇಲಿನ ಹಾಕಿ, ಆಡುವವರ ತಲೆಗೆ ಪೆಟ್ಟು ಬಿದ್ದರೆ, ಮಿದುಳು ನೆಟ್ಟಗಿದೆಯೋ ಇಲ್ಲವೋ ಎಂದು ಡಾಕ್ಟರು ನೋಡುವ ಪರೀಕ್ಷೆ. ತಿಂಗಳುಗಳನ್ನು ಹಿಂದುಮುಂದಾಗಿ ಹೇಳಿಸುತ್ತಾರೆ, ಹತ್ತು ಪದ ಓದಿ ಸ್ವಲ್ಪ ಹೊತ್ತಿನ ಮೇಲೆ ಕೇಳುತ್ತಾರೆ, ಒಂಟಿ ಕಾಲಲ್ಲಿ ನಿಲ್ಲಿಸುತ್ತಾರೆ. ತೊದಲಿದವನನ್ನು ಆಟದಿಂದ ಹೊರಗಿಡುತ್ತಾರೆ. ಇದಕ್ಕೆ ಓದಿಕೊಂಡು ಹೋಗುವುದೆಂದರೆ, ಜ್ವರ ನೋಡುವ ಮುಂಚೆ ಥರ್ಮಾಮೀಟರನ್ನು ತಣ್ಣೀರಿನಲ್ಲಿ ಅದ್ದಿದ ಹಾಗೆ. ಆದರೆ ನಮ್ಮ ಜನಕ್ಕೆ ಪರೀಕ್ಷೆ ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಹಳೇ ಪ್ರಶ್ನೆಪತ್ರಿಕೆ ಎಲ್ಲಿ ಸಿಗುತ್ತದೆ ಎಂದು ಹುಡುಕಲು ಹೊರಡುತ್ತಾರೆ. ಡಾಕ್ಟರುಗಳು ಬಳಸುವ ಪದಪಟ್ಟಿಗಳು ಒಂದಷ್ಟೇ ಇವೆ, ಎಲ್ಲವೂ ಇಂಟರ್‌ನೆಟ್ಟಿನಲ್ಲಿ ಸಿಗುತ್ತವೆ ಎಂದು ಬದರಿನಾಥ್ ಎಂದೋ ಕಂಡುಕೊಂಡಿದ್ದ. ಚಿಕ್ಕಂದಿನಲ್ಲಿ ಮಗ್ಗಿ ಬಾಯಿಪಾಠ ಮಾಡಿಸಿದ ಹಾಗೆಯೇ ಅಷ್ಟನ್ನೂ ಮಗನಿಗೆ ಬಾಯಿಪಾಠ ಮಾಡಿಸಿದ್ದ.

ಈ ಆಟ ಮನೆಗೆ ಬಂದದ್ದೇ ಒಂದು ಬರ್ತ್‌ಡೇ ಪಾರ್ಟಿಯ ದೆಸೆಯಿಂದ. ಶ್ರೀಕರನಿಗೆ ಆಗ ಏಳು ವರ್ಷ. ಕ್ಲಾಸಿನ ಹುಡುಗನೊಬ್ಬ ಏವನ್‌ಡೇಲ್‌ನ ಐಸ್ ರಿಂಕಿಗೆ, ಆ ಮಂಜುಗಡ್ಡೆಯ ಅಂಗಳಕ್ಕೆ, ಕರೆದಿದ್ದ. ಉಳಿದ ಮಕ್ಕಳು ಗೋಡೆ ಹಿಡಿದು ಅಳುತ್ತಿದ್ದರೆ ಇವನು ಬಿದ್ದು ಮೂಗಿನಲ್ಲಿ ರಕ್ತ ಸುರಿಸಿಕೊಂಡು ನಗುತ್ತಾ ಮನೆಗೆ ಬಂದ. "ಕ್ರಿಕೆಟ್ ಬಿಟ್ಟು ಐಸ್ ಮೇಲೆ ಕೋಲು ಹಿಡ್ಕೊಂಡು ಜಾರೋದೂ ಒಂದು ಆಟನಾ?" ಎಂದು ಮೂಗು ಮುರಿದ ಬದರಿನಾಥನೇ ಎರಡು ವರ್ಷ ಕಳೆಯುವುದರಲ್ಲಿ ಸ್ಕೇಟಿನ ಅಲಗು ಮಸೆಯುವ ಯಂತ್ರವನ್ನು ಗರಾಜಿನಲ್ಲಿ ಕೂರಿಸಿದ. ಹೇಗಿದ್ದರೂ ಮೆಕ್ಯಾನಿಕಲ್ ಇಂಜಿನಿಯರ್; ಪ್ಯಾಕಿಂಗ್ ಯಂತ್ರಗಳ ಕಂಪನಿಯಲ್ಲಿ ಕೆಲಸ. ಭಾನುವಾರ ಬೆಳಕು ಹರಿಯುವ ಮುಂಚೆ ಮಗನ ಪ್ರ್ಯಾಕ್ಟೀಸು, ಅದು ಮುಗಿದ ಮೇಲೆ ಅಲ್ಲೇ ಸಂತೆ. ಕಾರಿನ ಡಿಕ್ಕಿಯಲ್ಲಿ ಒದ್ದೆ ಗ್ಲೌಸಿನ ವಾಸನೆಯೂ ಮೆಂತ್ಯ ಸೊಪ್ಪಿನ ವಾಸನೆಯೂ ಸೇರಿ ಚಂದ್ರಿಕಾಳಿಗೆ ತಲೆ ತಿರುಗುತ್ತಿತ್ತು. ಆದರೂ ಅವು ಒಳ್ಳೆಯ ದಿನಗಳು. ಮಗ ನಗುತ್ತಿದ್ದ, ಗಂಡ ನಗುತ್ತಿದ್ದ, ಅವಳಿಗೆ ಮತ್ತೇನು ಬೇಕಿತ್ತು?

ಹದಿನೇಳಕ್ಕೆ ಶ್ರೀಕರ್ ದೇಶದ ಜೂನಿಯರ್ ತಂಡಕ್ಕೆ ಬಂದ. ಸೀಸನ್ನಿನ ಮೊದಲಲ್ಲಿ ಎಲ್ಲರಿಗೂ ಒಮ್ಮೆ ಈ ಪರೀಕ್ಷೆ ಮಾಡಿ, ಬಂದ ಅಂಕ ಬರೆದಿಟ್ಟುಕೊಳ್ಳುತ್ತಾರೆ. ಮುಂದೆ ಪೆಟ್ಟು ಬಿದ್ದಾಗ ಅದಕ್ಕೆ ಹೋಲಿಸಿ ನೋಡುತ್ತಾರೆ. ತಂಡದ ಹಿರಿಯ ಹುಡುಗರು ಇವನ ಕಿವಿಯಲ್ಲಿ ಗುಟ್ಟು ಹೇಳಿದರು: ಈಗಲೇ ಬೇಕೆಂದು ತಪ್ಪು ಹೇಳು, ಆಮೇಲೆ ತಲೆ ಕೆಟ್ಟರೂ ಯಾರಿಗೂ ಗೊತ್ತಾಗುವುದಿಲ್ಲ. ಶ್ರೀಕರ್ ಅದನ್ನು ಮನೆಯಲ್ಲಿ ಹೇಳಿದಾಗ ಬದರಿನಾಥ್ ಉರಿದುಬಿದ್ದ.

"ಬೇಕೂಂತ ಕಡಿಮೆ ಮಾರ್ಕ್ಸ್ ತಗೊಳ್ಳೋದಾ? ನಮ್ಮ ವಂಶದಲ್ಲೇ ಯಾರೂ ಮಾಡಿಲ್ಲ ಅದನ್ನ. ನೀನು ಫುಲ್ ಮಾರ್ಕ್ಸ್ ತಗೋ. ಪೆಟ್ಟು ಬಿದ್ದಾಗಲೂ ಫುಲ್ ಮಾರ್ಕ್ಸ್ ತಗೋ. ಅದಕ್ಕೆ ತಯಾರಿ ಬೇಕು, ಅಷ್ಟೇ."

ನೋಡಿ, ಮೋಸವೆಂದರೆ ಮೈಯುರಿಯುವ ಮನುಷ್ಯ! ಒಂದು ಮೋಸವನ್ನು ಕಾಲಲ್ಲಿ ಒದ್ದು ಇನ್ನೊಂದನ್ನು ತಯಾರಿ ಎಂದು ಕರೆದು ತಲೆಯ ಮೇಲೆ ಹೊತ್ತುಕೊಂಡ. ಚಂದ್ರಿಕಾ ಆಪರೇಷನ್ ಥಿಯೇಟರಿನಲ್ಲಿ ನರ್ಸು, ತಲೆಯೊಳಗೆ ಏನಿರುತ್ತದೆ ಎಂದು ಕಣ್ಣಾರೆ ಕಂಡವಳು. ಅವಳಾದರೂ ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅಪ್ಪ ಮಗನ ಸಡಗರ ನೋಡಿ ದೋಸೆ ತಿರುವಿ ಹಾಕುತ್ತಾ ನಕ್ಕಳು. ಆ ನಗು ನೆನೆದರೆ ಈಗ ಅವಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಹತ್ತೊಂಬತ್ತಕ್ಕೆ ಸ್ವೀಡನ್ನಿನ ಸಣ್ಣ ಊರೊಂದರ ಕ್ಲಬ್ಬು, ಅಲ್ಲಿಂದ ಪೋಲೆಂಡು, ಅಲ್ಲಿಂದ ಹಂಗೆರಿ. ವೃತ್ತಿಪರ ಆಟಗಾರ ಎಂದರೆ ಇಲ್ಲಿನವರು ಏನೇನೋ ಊಹಿಸಿಕೊಂಡರು. ಇದ್ದದ್ದು ಒಬ್ಬ ಫ್ಲಾಟ್‌ಮೇಟ್, ಒಂದು ರೈಸ್ ಕುಕ್ಕರ್, ಇಡೀ ದಿನದ ಬಸ್ ಪ್ರಯಾಣ. ಗೋಲು ಹೊಡೆಯುವುದು ಇವನ ಕೆಲಸವಲ್ಲ, ಇವನು ಡಿಫೆಂಡರ್. ಗುಂಡಿನ ಹಾಗೆ ಬರುವ ಪಕ್ ಎಂಬ ರಬ್ಬರ್ ಬಿಲ್ಲೆಗೆ ಮೈಯೊಡ್ಡುವುದು, ಎದುರಾಳಿಯನ್ನು ರಿಂಕಿನ ಸುತ್ತಲ ಹಲಗೆಗೆ ಒತ್ತಿ ಹಿಡಿಯುವುದು, ಒತ್ತಿಸಿಕೊಳ್ಳುವುದು. ರಜೆಗೆ ಬಂದಾಗ ಇಲ್ಲಿನ ಕನ್ನಡ ಕೂಟದವರು ರಾಜ್ಯೋತ್ಸವದಲ್ಲಿ ಮೈಸೂರು ಪೇಟ ತೊಡಿಸಿ, ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟರು. ಪೇಟ ಇಟ್ಟ ತಲೆ ಹೇಗಿದೆ ಎಂದು ಒಬ್ಬರೂ ಕೇಳಲಿಲ್ಲ. ಆಡುವ ಊರಿನಿಂದ ಆಗಾಗ ಫೋನು ಬರುತ್ತಿತ್ತು: "ಅಪ್ಪ, ತಲೆಗೆ ಹಿಟ್ ಆಯ್ತು. ಟೆಸ್ಟ್ ಮಾಡಿದ್ರು. ಪಾಸ್." ಬದರಿನಾಥ್ ಮಾರನೆಯ ದಿನ ಆಫೀಸಿನಲ್ಲಿ ಹಂಚಲು ಡೋನಟ್ ಒಯ್ಯುತ್ತಿದ್ದ. ಪಾಸಾದನಲ್ಲ ಎಂದು ಚಂದ್ರಿಕಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕಳೆದ ಚಳಿಗಾಲ ಹಂಗೆರಿಯಲ್ಲಿ ಒಬ್ಬ ಹಿಂದಿನಿಂದ ಬಂದು ಗುದ್ದಿದ. ಶ್ರೀಕರ್ ಎದ್ದ, ಪರೀಕ್ಷೆ ಕೊಟ್ಟ, ಪಾಸಾದ, ಮತ್ತೆ ಆಟಕ್ಕಿಳಿದ. ಅದೇ ಆಟದಲ್ಲಿ ಇನ್ನೊಂದು ಗುದ್ದು. ಆಮೇಲೆ ಏಳಲಿಲ್ಲ. ಮನೆಗೆ ಬಂದವನು ತಿಂಗಳುಗಟ್ಟಲೆ ಪರದೆ ಎಳೆದುಕೊಂಡು ಮಲಗಿದ. ಕುಕ್ಕರ್ ಸೀಟಿ ಹಾಕಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಈಗ ಅದೇ ಕ್ಲಬ್ಬು ಮತ್ತೆ ಕರೆದಿದೆ. ಆಕ್ಲೆಂಡಿನ ಡಾಕ್ಟರೊಬ್ಬರು ನೋಡಿ ಸರಿಯಿದ್ದಾನೆ ಎಂದರೆ ಸಾಕಂತೆ. ಶುಕ್ರವಾರ ಪರೀಕ್ಷೆ. ಚಂದ್ರಿಕಾ ದೀಪ ಹಚ್ಚಿದ್ದು ಅದಕ್ಕೇ.

ದೀಪದ ಮೇಲೆಯೇ ಭಾರ ಹಾಕಿ ಕೂರುವ ಹೆಂಗಸಲ್ಲ ಅವಳು. ಭಾನುವಾರ ಬೆಳಿಗ್ಗೆ ಮಗನ ಕೈಗೆ ಚೀಲ ಕೊಟ್ಟು, "ಸಂತೆಗೆ ಹೋಗಿ ಮೆಂತ್ಯ, ಹಸಿಮೆಣಸಿನಕಾಯಿ, ಬದನೆಕಾಯಿ, ತೆಂಗಿನಕಾಯಿ ತಗೊಂಡು ಬಾ," ಅಂದಳು. ಬಾಯಿಪಾಠಕ್ಕೆ ಸಿಗದ ಪರೀಕ್ಷೆ ಇದೊಂದೇ ಅವಳಿಗೆ ಹೊಳೆದದ್ದು. ಮಧ್ಯಾಹ್ನವಾದರೂ ಅವನು ಬರಲಿಲ್ಲ. ಬಂದಾಗ ಚೀಲ ಖಾಲಿ. ಕಾರು ನಿಲ್ಲಿಸಿದ್ದು ಎಲ್ಲಿ ಎಂದು ತಿಳಿಯದೆ ಸಂತೆಯ ಸುತ್ತ ತಿರುಗಿದ್ದನಂತೆ.

"ಏನು ತರೋಕೆ ಹೇಳಿದ್ದೆ ಅಮ್ಮ?" ಎಂದು ಬಾಗಿಲಲ್ಲೇ ಕೇಳಿದ. ಅವನ ಕಣ್ಣು ತುಂಬಿತ್ತು. "ಅಪ್ಪಂಗೆ ಹೇಳ್ಬೇಡ. ಇದೊಂದು ಸೀಸನ್ ಆಡ್ಬಿಡ್ತೀನಿ. ಆಮೇಲೆ ನೀನು ಹೇಳ್ದಂಗೆ ಕೇಳ್ತೀನಿ. ನಂಗೆ ಬೇರೆ ಏನ್ ಬರುತ್ತೆ ಹೇಳು?"

ಅವಳು ಅವನ ಕೈಯಿಂದ ಖಾಲಿ ಚೀಲ ತೆಗೆದುಕೊಂಡಳು. ಗಂಡನ ಹತ್ತಿರ ಹೋದಳು. ಅವನು ಗರಾಜಿನಲ್ಲಿ ಸ್ಕೇಟು ಮಸೆಯುತ್ತಿದ್ದ.

"ಸಂತೆಲಿ ನಾನೂ ಮರೀತೀನಿ ಕಣೆ," ಅಂದ. "ಅದನ್ನೇ ದೊಡ್ಡದು ಮಾಡ್ಬೇಡ. ಟೆಸ್ಟಲ್ಲಿ ಒಂದೂ ತಪ್ಪಾಗಲ್ಲ, ನಾನು ಗ್ಯಾರಂಟಿ."

"ಅದೇ ರೀ ನನ್ನ ಭಯ. ಪಾಸಾಗಿ ಹೋಗ್ತಾನೆ, ಇನ್ನೊಂದು ಪೆಟ್ಟು ಬೀಳುತ್ತೆ. ಆಗ ಏನು ಬಾಯಿಪಾಠ ಮಾಡಿಸ್ತೀರಿ?"

"ಹೆತ್ತ ತಾಯಿ ಆಡೋ ಮಾತಾ ಇದು?" ಎಂದು ಅವನು ಯಂತ್ರ ಚಾಲೂ ಮಾಡಿದ. ಆ ಸದ್ದಿನಲ್ಲಿ ಮಾತು ಮುಂದುವರಿಯಲಿಲ್ಲ.

ಬುಧವಾರ ಡ್ಯೂಟಿ ಮುಗಿಸಿ ಚಂದ್ರಿಕಾ ನೇರವಾಗಿ ಶುಕ್ರವಾರ ಪರೀಕ್ಷೆ ಮಾಡಬೇಕಿದ್ದ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಹೋದಳು. ನಿಮ್ಮ ಮಗನ ವಿಷಯ ನಾನು ನಿಮಗೆ ಏನೂ ಹೇಳುವ ಹಾಗಿಲ್ಲ, ಆದರೆ ನೀವು ಹೇಳುವುದನ್ನು ಕೇಳಬಹುದು ಎಂದು ಡಾಕ್ಟರಮ್ಮ ಕುರ್ಚಿ ತೋರಿಸಿದರು. ಚಂದ್ರಿಕಾ ಹದಿನೇಳನೆಯ ವಯಸ್ಸಿನಿಂದ ಹಿಡಿದು ಬದನೆಕಾಯಿಯವರೆಗೆ ಎಲ್ಲವನ್ನೂ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಇಷ್ಟು ವರ್ಷದಲ್ಲಿ ಈ ಪರೀಕ್ಷೆಗೆ ಟ್ಯೂಷನ್ ಹೇಳಿಸಿಕೊಂಡವರನ್ನು ನಾನು ಕಂಡಿಲ್ಲ ಎಂದರು. ಚಂದ್ರಿಕಾಳಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಶುಕ್ರವಾರ ಡಾಕ್ಟರಮ್ಮ ತಿಂಗಳುಗಳನ್ನು ಕೇಳಲೇ ಇಲ್ಲ. ಒಂದು ಕತೆ ಓದಿಸಿ, ಬೇರೆ ಮಾತಾಡಿಸಿ, ಆಮೇಲೆ ಆ ಕತೆ ಹೇಳು ಅಂದರು. ನಿಂತಲ್ಲೇ ಇರುವ ಸೈಕಲ್ ತುಳಿಸಿದರು. ಶ್ರೀಕರನಿಗೆ ಕತೆಯ ತಲೆಯೂ ನೆನಪಾಗಲಿಲ್ಲ, ಬಾಲವೂ ನೆನಪಾಗಲಿಲ್ಲ. ಸೈಕಲ್ಲಿನಿಂದ ಇಳಿದು ವಾಂತಿ ಮಾಡಿಕೊಂಡ. ಈ ಸೀಸನ್ನಷ್ಟೇ ಅಲ್ಲ, ಇನ್ನು ಮುಂದೆಯೂ ನೀನು ಹಾಕಿ ಆಡಬಾರದು ಎಂದು ಅವರು ಅಲ್ಲೇ ಹೇಳಿದರು.

ಮನೆಗೆ ಬಂದವನು ಕೂರಲೂ ಇಲ್ಲ. "ಕ್ವೆಶ್ಚನ್ ಎಲ್ಲಾ ಚೇಂಜ್ ಆಗಿತ್ತು. ಅವ್ರಿಗೆ ಗೊತ್ತಿತ್ತು. ಯಾರು ಹೇಳಿದ್ದು?"

ಬದರಿನಾಥ್ ಹೆಂಡತಿಯನ್ನು ನೋಡಿದ.

"ನಾನು ಕಣೋ," ಅಂದಳು ಚಂದ್ರಿಕಾ.

ಮಗನ ಮುಖ ಕುಸಿಯಿತು. ಕೋಪ ಬರುವ ಮುಂಚೆ, ಒಂದು ಗಳಿಗೆ, ಅಮ್ಮ ಹೊಡೆದಳೆಂದು ನಂಬಲಾಗದ ಮಗುವಿನ ಮುಖವಾಯಿತು ಅದು. "ಎಲ್ರೂ ಹಿಂದಿಂದ ಬಂದು ಹೊಡೆದ್ರು. ನೀನೂನಾ ಅಮ್ಮ?" ಅಂದ. ಕಿಟ್ ಬ್ಯಾಗು ಎತ್ತಿಕೊಂಡು ಹೊರಗೆ ಹೋದ.

ಏವನ್‌ಡೇಲ್‌ನ ರಿಂಕಿನಲ್ಲಿ ಹಳೆಯ ಗೆಳೆಯರು ಶುಕ್ರವಾರ ಸಂಜೆ ಸುಮ್ಮನೆ ಮೋಜಿಗೆ ಆಡುತ್ತಾರೆ. ಅಲ್ಲಿ ಡಾಕ್ಟರಿಲ್ಲ, ಪರೀಕ್ಷೆಯಿಲ್ಲ. ಯಾರೂ ಇವನನ್ನು ಗುದ್ದಲೂ ಇಲ್ಲವಂತೆ. ತಿರುಗುವಾಗ ಕಾಲು ಜಾರಿತು, ಹಿಂದಲೆ ಐಸಿಗೆ ಬಡಿಯಿತು, ಹೆಲ್ಮೆಟ್ ಇದ್ದೂ ಇಲ್ಲದ ಹಾಗಾಯಿತು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರಲ್ಲ, ಆ ದೈವವನ್ನು ಚಂದ್ರಿಕಾ ಎಷ್ಟು ಬೈದರೂ ಸಾಲದು. ಮಗನನ್ನು ಉಳಿಸಿಕೊಳ್ಳಲು ಆಡಿದ ಮಾತೇ ಅವನನ್ನು ಅಲ್ಲಿಗೆ ಅಟ್ಟಿತು.

ಜೀವ ಉಳಿಯಿತು. ನಡೆಯುತ್ತಾನೆ, ಉಣ್ಣುತ್ತಾನೆ, ಹಳೆಯದೆಲ್ಲ ನೆನಪಿದೆ. ಆದರೆ ಬೀಳುವ ಮುಂಚಿನ ಕೆಲವು ದಿನಗಳು ಅಳಿಸಿಹೋಗಿವೆ. ಹೊಸದಾಗಿ ಹೇಳಿದ್ದು ನಿಲ್ಲುವುದಿಲ್ಲ, ಸೋರಿಹೋಗುತ್ತದೆ. ಎರಡು ದಿನಕ್ಕೋ ಮೂರು ದಿನಕ್ಕೋ ಒಮ್ಮೆ ಅವನು ಅದೇ ಮಾತು ಎತ್ತುತ್ತಾನೆ.

"ಅಮ್ಮ, ಟೆಸ್ಟ್ ಯಾವತ್ತು?"

"ಆಯ್ತಲ್ಲಪ್ಪ."

"ಪಾಸಾದ್ನಾ?"

"ಇಲ್ಲ ಕಣೋ."

"ಹೆಂಗೆ? ಎಲ್ಲಾ ಬರ್ತಿತ್ತಲ್ಲ ನಂಗೆ. ಯಾರಾದ್ರೂ ಹೇಳಿದ್ರಾ ಅವ್ರಿಗೆ?"

ಸುಳ್ಳು ಹೇಳಬಹುದಿತ್ತು. ಆದರೆ ಸುಳ್ಳು ಪಾಸುಗಳನ್ನು ನಂಬಿ ನಂಬಿಯೇ ಮನೆ ಈ ಗತಿಗೆ ಬಂದದ್ದು; ಇನ್ನು ಈ ಮಗನಿಗೆ ಒಂದು ಸುಳ್ಳನ್ನೂ ಹೇಳುವುದಿಲ್ಲ ಎಂದು ಅವಳು ಆಸ್ಪತ್ರೆಯಲ್ಲೇ ಆಣೆ ಮಾಡಿಕೊಂಡಿದ್ದಳು. "ನಾನು ಹೇಳಿದೆ," ಅನ್ನುತ್ತಾಳೆ. ಅವನ ಮುಖ ಮೊದಲ ಸಲದ ಹಾಗೆಯೇ ಕುಸಿಯುತ್ತದೆ. ಅವನಿಗೆ ಪ್ರತಿ ಸಲವೂ ಅದು ಮೊದಲ ಸಲವೇ. ದಿನವಿಡೀ ಅವಳ ಜೊತೆ ಮಾತು ಬಿಡುತ್ತಾನೆ. ಬೆಳಗಾದರೆ ಮರೆತು, "ಅಮ್ಮ, ಕಾಫಿ," ಎಂದು ಬರುತ್ತಾನೆ. ಅವಳು ಒಳಗೊಳಗೇ ಎಣಿಸುತ್ತಿರುತ್ತಾಳೆ, ಮುಂದಿನ ಸಲ ಇವತ್ತೋ ನಾಳೆಯೋ ಎಂದು. ಆ ಪ್ರಶ್ನೆ ಬಂದಾಗಲೆಲ್ಲ ಬದರಿನಾಥ್ ತಟ್ಟೆ ಬಿಟ್ಟು ಎದ್ದು ಗರಾಜಿಗೆ ಹೋಗುತ್ತಿದ್ದ. ಹೋಗಲಿ, ಅಲ್ಲೇ ಕೂತು ಸಾಯಲಿ ಎಂದು ಅವಳು ಮನಸ್ಸಿನಲ್ಲೇ ಶಪಿಸುತ್ತಿದ್ದಳು.

ಮೊನ್ನೆ ಭಾನುವಾರ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದರು. ಹುಳಿಯನ್ನಕ್ಕೆ ಕೈ ಹಾಕಿದ ಶ್ರೀಕರ್ ಕೈ ತಡೆದು ಕೇಳಿದ. ಟೆಸ್ಟ್ ಯಾವತ್ತು, ಪಾಸಾದ್ನಾ, ಯಾರು ಹೇಳಿದ್ದು. ಚಂದ್ರಿಕಾ ಸೌಟು ಕೆಳಗಿಟ್ಟಳು. ಬಾಯಿ ತೆರೆಯುವಷ್ಟರಲ್ಲಿ ಬದರಿನಾಥ್ ಮಾತಾಡಿದ. ಎದ್ದು ಹೋಗಿರಲಿಲ್ಲ ಅವನು.

"ನಾನು ಹೇಳ್ದೆ."

ಶ್ರೀಕರ್ ಅಪ್ಪನ ಕಡೆ ತಿರುಗಿದ. "ನೀವಾ?"

"ಹೂಂ. ನಾನೇ ಹೇಳಿಕೊಟ್ಟೆ, ನಾನೇ ಹೋಗಿ ಹೇಳಿಬಂದೆ. ನಿಮ್ಮಮ್ಮಂಗೆ ಏನೂ ಗೊತ್ತಿಲ್ಲ."

ಮಗನ ಮುಖ ಕುಸಿಯುವುದನ್ನು ಬದರಿನಾಥ್ ಮೊದಲ ಬಾರಿಗೆ ಎದುರಿಗೆ ಕೂತು ಪೂರ್ತಿ ನೋಡಿದ. ಅವನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಶ್ರೀಕರ್ ಕುರ್ಚಿಯನ್ನು ಎಳೆದುಕೊಂಡು ಮೇಜು ಸುತ್ತಿ ಬಂದು ಅಮ್ಮನಿಗೆ ಒತ್ತಿಕೊಂಡು ಕೂತ. ಸಣ್ಣವನಿದ್ದಾಗ ಕೂರುತ್ತಿದ್ದ ಹಾಗೆ ಅವಳ ಭುಜಕ್ಕೆ ತಲೆಯಿಟ್ಟ.

"ಅಮ್ಮ, ಅವ್ರಿಗೆ ಹೇಳು, ನನ್ ಜೊತೆ ಮಾತಾಡೋದು ಬೇಡಾಂತ," ಅಂದ.

ಇನ್ನೊಂದು ಸುಳ್ಳು ಹೇಳುವುದಿಲ್ಲ ಎಂದು ಆಣೆ ಮಾಡಿಕೊಂಡಿದ್ದ ಚಂದ್ರಿಕಾ ಗಂಡನ ಮುಖ ನೋಡಿದಳು. ಅವನು ತಲೆ ತಗ್ಗಿಸಿ ಕೂತಿದ್ದ. ಮಗನ ಭಾರ ಬೆಚ್ಚಗೆ ಭುಜದ ಮೇಲಿತ್ತು. ಅವಳು ಗಂಡನಿಗೆ ಹೇಳಿದಳು: "ಕೇಳಿಸ್ತಾ? ಅವನ ಜೊತೆ ಮಾತಾಡ್ಬೇಡಿ."