ಸಂಜೆ ಆರರ ಪಾಸ್‌ವರ್ಡ್

ಅಕ್ಕ ಬೂಟು, ಚಪ್ಪಲಿಗಳ ಅಳತೆಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದಳು. ಎರಡು ಬೀದಿ ಆಚೆ ತಮ್ಮ ಅವನ್ನು ಮಷೀನಿಗೆ ಕೊಟ್ಟು ಚರ್ಮ ಕತ್ತರಿಸುತ್ತಿದ್ದ. ಅಪ್ಪನ ಕತ್ತರಿ ಯಾರಿಗೆ ಅಂತ ಶುರುವಾದ ಜಗಳ ಮೂರು ವರ್ಷವಾದರೂ ಆರಿರಲಿಲ್ಲ. ಎಣ್ಣೆ-ಸೀಗೆಕಾಯಿ ಅಂದರೂ ಕಡಿಮೆಯೇ! ಆದರೆ ಕಸುಬು ಬಿಡಬೇಕಲ್ಲ. ಅವಳ ಕಂಪ್ಯೂಟರಿನಿಂದ ಫೈಲು ಎಳೆದುಕೊಳ್ಳಲು ಪಾಸ್‌ವರ್ಡ್ ಬೇಕು, ಅಕ್ಕನೋ ಮಹಾ ಘಾಟಿ, ದಿನಾ ಬದಲಿಸುತ್ತಿದ್ದಳು.

ಹಾಗಾಗಿ ಸಂಜೆ ಆರಕ್ಕೆ ಫೋನು.

"ಏನು?"

"ಪಾಸ್‌ವರ್ಡ್."

ಅವಳು ಹೇಳುತ್ತಿದ್ದಳು, ಅವನು ಫೋನು ಇಡುತ್ತಿದ್ದ. ಒಂದು ಸಲ ‘ಮೊಣಕಾಲುನೋವು’ ಅಂದಳು. ಮರುದಿನ ಅವಳ ಬಾಗಿಲ ಬಳಿ ಮುಲಾಮಿನ ಡಬ್ಬಿ ಇತ್ತು. ಯಾರಿಟ್ಟಿದ್ದು ಅಂತ ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ತಮ್ಮನ ಹೆಂಡತಿಗೆ ಕಂಪ್ಯೂಟರ್ ರಿಪೇರಿ ಕೆಲಸ. ಒಂದು ದಿನ ಬಂದವಳೇ ಅಕ್ಕನ ಕುರ್ಚಿಯಲ್ಲಿ ಕೂತಳು.

"ಸಾಕಾಯ್ತು ಅತ್ತಿಗೆ, ನಿಮ್ಮಿಬ್ಬರ ಗೋಳು. ನಮ್ಮ ಕಂಪ್ಯೂಟರಲ್ಲಿ ಒಂದು ಕೀಲಿ, ನಿಮ್ಮದರಲ್ಲಿ ಅದರ ಜೋಡಿ. ಎರಡೂ ಗುರುತು ಹಿಡ್ಕೊಳ್ತವೆ. ಆರಕ್ಕೆ ಫೈಲು ತಾನಾಗಿ ಬರುತ್ತೆ, ಪಾಸ್‌ವರ್ಡೇ ಬೇಡ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಮಾಡ್ಕೊಳಮ್ಮ, ನಂಗೇನು," ಅಂದಳು ಅಕ್ಕ.

ಆರಕ್ಕೆ ಫೈಲು ಹೋಯಿತು. ಫೋನು ಬರಲಿಲ್ಲ. ಪೀಡೆ ತೊಲಗಿತು ಅಂದುಕೊಂಡು ಅಕ್ಕ ಬೇಗ ಊಟ ಮಾಡಿದಳು. ಮೂರನೇ ದಿನ ಮೈ ಕಾಯುತ್ತಿತ್ತು. ಪಾಸ್‌ವರ್ಡ್ ಬದಲಿಸಿ ‘ಜ್ವರ’ ಅಂತ ಇಟ್ಟಳು. ಕೇಳುವವರ್ಯಾರು? ಫೈಲು ಆರಕ್ಕೆ ಸರಿಯಾಗಿ ಹೋಯಿತು. ಐದನೇ ದಿನ ಜ್ವರ ಬಿಟ್ಟಿತ್ತು, ಆದರೆ ಆರಾಗುವ ಮೊದಲೇ ಫೋನಿನ ಮುಂದೆ ಕೂತವಳಿಗೆ ಅಳು ಬಂತು. ಥೂ, ಈ ವಯಸ್ಸಿನಲ್ಲಿ! ಕಣ್ಣೊರೆಸಿಕೊಂಡು, ತಮ್ಮನ ಹೆಂಡತಿ ಸೇರಿಸಿದ್ದ ಕೀಲಿಯ ಸಾಲನ್ನು ಹುಡುಕಿ ಅಳಿಸಿದಳು.

ಆರೂ ಇಪ್ಪತ್ತಕ್ಕೆ ಯಾರೋ ಬಾಗಿಲು ಬಡಿದರು. ಮೂರು ವರ್ಷದ ಮೇಲೆ ತಮ್ಮ ಹೊಸ್ತಿಲಲ್ಲಿ ನಿಂತಿದ್ದ, ಕೈಯಲ್ಲಿ ಚರ್ಮದ ಧೂಳು ಹಾಗೇ ಇತ್ತು.

"ಫೈಲು ಬರ್ತಿಲ್ಲ. ನೀನೇ ಅಳಿಸಿದ್ಯಾ?"

"ಹೌದು."

"ಯಾಕೆ?"

"ನಂಗೆ ಜ್ವರ ಬಂದಿತ್ತು ಕಣೋ. ನಿಂಗೆ ಗೊತ್ತೇ ಆಗ್ಲಿಲ್ಲ."

ಅವನು ಒಳಗೆ ಬಂದು ಗೋಡೆಗೊರಗಿದ.

"ದಿನಾ ಆರಕ್ಕೆ ಫೋನ್ ಹಿಡ್ಕೊಂಡು ಕೂರ್ತಿದ್ದೆ ಅಕ್ಕ," ಅಂದ. "ಕೇಳೋಕೆ ಏನೂ ಇರ್ಲಿಲ್ಲ."