ಏರಿದ ಪೊಟ್ಯಾಸಿಯಂ

ಬೆಳಿಗ್ಗೆ ರಕ್ತ ಪರೀಕ್ಷೆಗೆ ಕೊಟ್ಟು ಬಂದಿದ್ದ ಮಾವ ಊಟಕ್ಕೆ ಕೂತಿದ್ದರು. ಆಸ್ಪತ್ರೆಯಿಂದ ಬಂದ ಫೋನನ್ನು ಸೊಸೆ ಎತ್ತಿದಳು. ರಕ್ತದಲ್ಲಿ ಪೊಟ್ಯಾಸಿಯಂ ವಿಪರೀತ ಏರಿದೆ, ಹೃದಯಕ್ಕೆ ಅಪಾಯ, ಈಗಲೇ ಕರೆತನ್ನಿ ಎಂದರು. ಅತ್ತೆಯ ಕೈಯಿಂದ ಸೌಟು ಜಾರಿತು.

ಮಾವ ಬದುಕಿಡೀ ಲಾರಿ ಓಡಿಸಿದವರು, ಎಂಥ ಇಳಿಜಾರಿಗೂ ಎದೆಗುಂದದವರು. "ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ," ಎಂದು ಗೊಣಗುತ್ತಲೇ ಕಾರು ಹತ್ತಿದರು. ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರಿಂದ ಸೊಸೆಯೇ ಓಡಿಸಿದಳು. ದಾರಿಯುದ್ದಕ್ಕೂ ಮಾವ ಅವಳ ಡ್ರೈವಿಂಗಿನಲ್ಲಿ ಒಂದೇ ಒಂದು ತಪ್ಪು ಹುಡುಕಲಿಲ್ಲ. ಅದನ್ನು ಕಂಡೇ ಅವಳ ಜೀವ ಬಾಯಿಗೆ ಬಂದಿತ್ತು.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ಗೆರೆ ಸರಿಯಾಗಿಯೇ ಇತ್ತು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಇದಕ್ಕೂ ಬೆಳಿಗ್ಗೆಯ ರಿಪೋರ್ಟಿಗೂ ತಾಳೆ ಆಗ್ತಿಲ್ಲ. ಔಷಧಿ ಕೊಡೋ ಮುಂಚೆ ನಾನೇ ಇನ್ನೊಂದ್ಸಲ ರಕ್ತ ತೆಗೀತೀನಿ."

ತೋಳಿಗೆ ಪಟ್ಟಿ ಕಟ್ಟಿ ಸೂಜಿ ಕೈಗೆತ್ತಿಕೊಂಡಿದ್ದೇ ತಡ, ಮಾವ ಕಣ್ಣು ಮುಚ್ಚಿ, ಮುಷ್ಟಿ ಬಿಗಿದು ಬಿಡುತ್ತಾ, ಬಿಗಿದು ಬಿಡುತ್ತಾ ಬೆವರತೊಡಗಿದರು.

"ಬೆಳಿಗ್ಗೇನೂ ಹೀಗೇ ಮಾಡಿದ್ರಾ ಯಜಮಾನ್ರೇ?"

ಮಾವ ಕಣ್ಣು ತೆರೆಯದೆಯೇ ಒಪ್ಪಿಕೊಂಡರು. "ಸೂಜಿ ಕಂಡ್ರೆ ಆಗಲ್ಲಮ್ಮ, ಚಿಕ್ಕಂದಿನಿಂದ್ಲೂ. ಬೆಳಿಗ್ಗೆ ನರ ಸಿಗೋದು ತಡ ಆಯ್ತು. ಅಲ್ಲೀವರೆಗೂ ಹೀಗೇ ಮಾಡ್ತಿದ್ದೆ."

ಡಾಕ್ಟರಮ್ಮ ಪಟ್ಟಿ ಬಿಚ್ಚಿಬಿಟ್ಟರು. "ಹಾಗೆ ಮುಷ್ಟಿ ಬಿಗಿದ್ರೆ ಸ್ನಾಯುಗಳಿಂದ ಪೊಟ್ಯಾಸಿಯಂ ಕೈಯ ರಕ್ತಕ್ಕೆ ಇಳಿಯುತ್ತೆ. ಆಗ ತೆಗೆದ ರಕ್ತದಲ್ಲಿ ಲೆಕ್ಕ ಸುಳ್ಳಾಗಬಹುದು. ಕೈ ಸಡಿಲ ಬಿಟ್ಟು ಸ್ವಲ್ಪ ಹೊತ್ತು ಕೂತಿರಿ."

ಕೊಂಚ ತಡೆದು ಅವರು ಮತ್ತೆ ಸೂಜಿ ಹಿಡಿದಾಗ ಸೊಸೆ ಮಾವನ ಮುಂದೆ ಬಂದು ನಿಂತಳು. "ಮಾವ, ನನ್ನ ಡ್ರೈವಿಂಗ್ ಹೇಗಿತ್ತು?"

"ಬ್ರೇಕ್ ಮೇಲಿಂದ ಕಾಲೇ ತೆಗೆಯಲ್ಲ ನೀನು. ಗಾಡಿ ಏನಾಗ್ಬೇಕು?" ಎನ್ನುವಷ್ಟರಲ್ಲಿ ಸೂಜಿ ಚುಚ್ಚಿ ಆಗಿತ್ತು.

ಫಲಿತಾಂಶಕ್ಕೆ ಕಾಯುತ್ತಾ ಸೊಸೆ ವರಾಂಡದಲ್ಲಿ ಅತ್ತಿಂದಿತ್ತ ತಿರುಗಾಡಿದಳು. ಕೊನೆಗೆ ಡಾಕ್ಟರಮ್ಮ ನಗುತ್ತಲೇ ಬಂದರು. "ಎಲ್ಲಾ ನಾರ್ಮಲ್. ಮನೆಗೆ ಹೊರಡಿ."

ಸೊಸೆ ಬೆಂಚಿನ ಮೇಲೆ ಕುಸಿದು ಕೂತು ನಕ್ಕಳು, ನಗುನಗುತ್ತಲೇ ಅತ್ತಳು. ಏನು ಮಾಡಲೂ ತೋಚದೆ ಮಾವ ಅವಳ ತಲೆ ಸವರಿದರು.

ಅಷ್ಟರಲ್ಲಿ ಅತ್ತೆಯ ಫೋನ್. ಮಾವ ಅದನ್ನು ಸೊಸೆಯ ಕೈಯಿಂದ ಕಸಿದುಕೊಂಡರು. "ಏನಿಲ್ಲ ಕಣೇ, ಯಂತ್ರ ಕೆಟ್ಟಿತ್ತಂತೆ. ಅಳ್ಬೇಡ, ಬರ್ತಿದ್ದೀವಿ."

ಸೊಸೆ ಕಣ್ಣೊರೆಸಿಕೊಂಡು ಕಾರಿನ ಕೀ ಕೈಗೆತ್ತಿಕೊಂಡಳು. ಪಾಪದ ಯಂತ್ರದ ತಲೆಗೆ ಇದೊಂದು ತಪ್ಪು ಕಟ್ಟಿದರೆ ಯಾರ ಗಂಟೇನೂ ಹೋಗದು ಎನಿಸಿತು ಅವಳಿಗೆ.